ಒಂದು ನೊಣ, ಒಂದು ಇಲಿ, ಒಂದು ಪಾಚಿ, ಒಂದು ಚಿಪ್: ಕಾಯುವವರ ಖರ್ಚು ಯಾರದ್ದು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೈನಲ್ಲೋ ಆಫೀಸ್ ಕ್ಯಾಬಲ್ಲೋ ಕೂತು ಓದ್ಕೋತೀವಿ ಅನ್ನುವವರಿಗಾಗಿ ಈ ಬರಹ. ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಕೊಟ್ಟಿದ್ದೇನೆ.

ಇವತ್ತು ನಾಲ್ಕು ಸಂಶೋಧನೆಗಳ ಬಗ್ಗೆ ಮಾತಾಡೋಣ. ಒಂದು ಮೆದುಳಿನದ್ದು, ಒಂದು ರೋಗನಿರೋಧಕ ಶಕ್ತಿಯದ್ದು, ಒಂದು ಸಸ್ಯಲೋಕದ್ದು, ಇನ್ನೊಂದು ಕ್ವಾಂಟಮ್ ಭೌತಶಾಸ್ತ್ರದ್ದು. ನಾಲ್ಕೂ 2024 ಮತ್ತು 2025ರಲ್ಲಿ ಸುದ್ದಿಯಾದವು. ನಿಮ್ಮ ಫೋನಿಗೂ ಬಂದಿರ್ತವೆ. "ವಿಜ್ಞಾನಿಗಳು ಕಂಡುಹಿಡಿದರು" ಅಂತ ಒಂದು ತಲೆಬರಹ, ಕೆಳಗೆ ಎರಡು ಸಾಲು. ನಾವು ಓದ್ತೀವಿ, ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡ್ತೀವಿ, ಸ್ಟ್ಯಾಂಡಪ್ ಮೀಟಿಂಗಿಗೆ ಹೋಗ್ತೀವಿ. ಮುಗೀತು.

ನನಗೆ ಇಂಥ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳೋದು ಅಭ್ಯಾಸ. ಒಂದು, ಈ ಪ್ರಶ್ನೆ ಮೊದಲು ಹುಟ್ಟಿದ್ದು ಯಾವಾಗ? ಎರಡು, ಸುದ್ದಿಯಾಗದ ಆ ನಡುವಿನ ವರ್ಷಗಳಲ್ಲಿ ಬೇಸರದ ಕೆಲಸ ಮಾಡಿದವರು ಯಾರು? ಮೂರು, ಇವತ್ತು ಇದು ಎಲ್ಲಿಗೆ ಬಂದು ನಿಂತಿದೆ: ಇಲಿಯಲ್ಲಾ, ಮನುಷ್ಯರಲ್ಲಾ, ಅಂಗಡಿಯಲ್ಲಾ? ಪ್ರೊಡಕ್ಷನ್‌ಗೆ ಹೋಗೋ ಮೊದಲು ರಿಲೀಸ್ ನೋಟ್ ಓದ್ತೀವಲ್ಲ, ಇದೂ ಹಾಗೇ. ನಾಲ್ಕು ಸುದ್ದಿಗೂ ಈ ಮೂರು ಪ್ರಶ್ನೆ ಹಾಕಿ ನೋಡೋಣ.

ಗಸಗಸೆ ಕಾಳಿನಷ್ಟು ಮೆದುಳು

ಬಾಳೆಹಣ್ಣು ಜಾಸ್ತಿ ಕಳಿತರೆ ಅದರ ಮೇಲೆ ಮುತ್ತಿಕೊಳ್ಳೋ ಪುಟ್ಟ ನೊಣ ಇದೆಯಲ್ಲ, ಅದರ ಮೆದುಳು ಒಂದು ಗಸಗಸೆ ಕಾಳಿನಷ್ಟು. 2024ರ ಅಕ್ಟೋಬರ್‌ನಲ್ಲಿ ಆ ಇಡೀ ಮೆದುಳಿನ ವೈರಿಂಗ್ ನಕ್ಷೆ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. 1,39,255 ನರಕೋಶಗಳು, ಅವುಗಳ ನಡುವೆ ಸುಮಾರು 5 ಕೋಟಿ ಸಂಪರ್ಕಗಳು. ಯಾವ ಕೋಶ ಯಾವುದಕ್ಕೆ ಸುದ್ದಿ ಮುಟ್ಟಿಸುತ್ತದೆ ಅನ್ನುವ ಪೂರ್ತಿ ಲೆಕ್ಕ. ಈ ಯೋಜನೆಯ ಹೆಸರು ಫ್ಲೈವೈರ್. ಮುಂದೆ ನಿಂತು ನಡೆಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮಾಲಾ ಮೂರ್ತಿ ಮತ್ತು ಸೆಬಾಸ್ಟಿಯನ್ ಸಂಗ್.

ಮೊದಲ ಪ್ರಶ್ನೆ: ಇದು ಯಾವಾಗ ಹುಟ್ಟಿದ್ದು? ಒಂದು ಪ್ರಾಣಿಯ ನರಮಂಡಲವನ್ನು ಪೂರ್ತಿ ಬರೆದಿಡಬೇಕು ಅನ್ನುವ ಆಸೆ ಹಳೇದು. 1986ರಲ್ಲಿ ಕೇಂಬ್ರಿಜ್‌ನ ತಂಡವೊಂದು ಒಂದು ಮಿಲಿಮೀಟರ್ ಉದ್ದದ ಹುಳುವಿನ ನಕ್ಷೆ ಪ್ರಕಟಿಸಿತು. ಅದರಲ್ಲಿದ್ದದ್ದು 302 ನರಕೋಶ. ಅಷ್ಟಕ್ಕೇ ಹತ್ತು ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಫೋಟೋ ನೋಡಿ ಕೈಯಲ್ಲೇ ಗೆರೆ ಎಳೆದು ಗುರುತು ಮಾಡಿದ ಕೆಲಸ ಅದು. 302ರಿಂದ 1,39,255ಕ್ಕೆ ಬರೋಕೆ ಸುಮಾರು ನಾಲ್ಕು ದಶಕ ಬೇಕಾಯಿತು.

ಎರಡನೇ ಪ್ರಶ್ನೆಯಲ್ಲಿ ನಮ್ಮಂಥವರಿಗೆ ನಿಜವಾದ ಸ್ವಾರಸ್ಯ ಇದೆ. ನೊಣದ ಮೆದುಳನ್ನು ಸುಮಾರು 7,000 ಹೋಳುಗಳಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 2.1 ಕೋಟಿ ಚಿತ್ರ ತೆಗೆದರು. ಈ ಚಿತ್ರಗಳನ್ನು ಬೇರೆಯದೇ ತಂಡ ತೆಗೆದು 2018ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತ್ತು. ಆಮೇಲೆ ಎಐ ಬಂತು. ಯಾವ ಗೆರೆ ಯಾವ ಕೋಶದ್ದು ಅಂತ ಒಂದು ಹೋಳಿನಿಂದ ಇನ್ನೊಂದಕ್ಕೆ ಜೋಡಿಸುತ್ತಾ ಹೋಗೋದು ಅದರ ಕೆಲಸ. ಎಐ ಇಲ್ಲದಿದ್ದರೆ ಈ ಕೆಲಸ ಈ ಜನ್ಮದಲ್ಲಿ ಮುಗೀತಿರಲಿಲ್ಲ. ಆದರೆ ಎಐ ಎಡವಟ್ಟೂ ಮಾಡ್ತು. ಎರಡು ಕೋಶಗಳನ್ನು ಅಂಟಿಸಿ ಒಂದು ಮಾಡೋದು, ಒಂದರ ಕೊಂಬೆಯನ್ನು ತುಂಡರಿಸಿ ಬಿಡೋದು. ಅದನ್ನೆಲ್ಲ ಮನುಷ್ಯರು ಕೂತು ತಿದ್ದಿದರು. ವಿಜ್ಞಾನಿಗಳು, ಬಾಡಿಗೆಗೆ ತೆಗೆದುಕೊಂಡ ಪ್ರೂಫ್‌ರೀಡರ್‌ಗಳು, ಆನ್‌ಲೈನಲ್ಲಿ ಹವ್ಯಾಸಕ್ಕಾಗಿ ಸೇರಿದ ಸಾಮಾನ್ಯ ಜನ ಎಲ್ಲ ಸೇರಿ. ತಿದ್ದುವ ಕೆಲಸದ ಅಂದಾಜು ಲೆಕ್ಕ 33 ಮಾನವ ವರ್ಷ. ಅಂದ್ರೆ ಒಬ್ಬನೇ ಮಾಡಿದ್ದರೆ ಇಂಜಿನಿಯರಿಂಗ್ ಮುಗಿಸಿ ಸೇರಿದವನು ರಿಟೈರ್ ಆಗುವ ಹೊತ್ತಿಗೆ ಮುಗೀತಿತ್ತು.

"ಎಐ ಬಂತು, ಇನ್ನು ವಿಜ್ಞಾನಿಗಳೂ ಬೇಡ" ಅನ್ನುವ ಮಾತನ್ನು ನಮ್ಮ ಕ್ಯಾಂಟೀನಲ್ಲೇ ವಾರಕ್ಕೆರಡು ಸಲ ಕೇಳ್ತೀನಿ. ಫ್ಲೈವೈರ್ ನೋಡಿದರೆ ಕಾಣೋದು ಬೇರೆ. ಯಂತ್ರ ದೊಡ್ಡ ಪಾಲು ಮಾಡಿತು, ಅದನ್ನು ನಂಬಬಹುದು ಅಂತ ಹೇಳೋಕೆ ಮನುಷ್ಯರ 33 ವರ್ಷ ಬೇಕಾಯಿತು.

ಮೂರನೇ ಪ್ರಶ್ನೆ: ಈಗ ಎಲ್ಲಿದೆ? ಆ ನಕ್ಷೆ ಇಟ್ಟುಕೊಂಡು ಬರ್ಕ್ಲಿಯ ಸಂಶೋಧಕರು ಒಂದು ಸರಳ ಕಂಪ್ಯೂಟರ್ ಮಾದರಿ ಕಟ್ಟಿದರು. ಸಾಮಾನ್ಯ ಲ್ಯಾಪ್‌ಟಾಪಲ್ಲೇ ಓಡುತ್ತೆ. ಸಕ್ಕರೆಯ ರುಚಿ ಹಿಡಿಯುವ ಕೋಶಗಳನ್ನು ಅದರಲ್ಲಿ ಆನ್ ಮಾಡಿದರೆ, ನೊಣ ಸೊಂಡಿಲು ಚಾಚಲು ಬಳಸುವ ಕೋಶ ಆನ್ ಆಗುತ್ತೆ. ಮಾದರಿ ಹೇಳಿದ್ದನ್ನು ಜೀವಂತ ನೊಣದಲ್ಲಿ ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸರಿ ಬಂತು. ಅಷ್ಟು ಸಾಧನೆ. ಆದರೆ ಇದು ಒಂದೇ ಒಂದು ಹೆಣ್ಣು ನೊಣದ ನಕ್ಷೆ. ತಂತಿ ಎಲ್ಲಿಂದ ಎಲ್ಲಿಗೆ ಅಂತ ಗೊತ್ತು, ಹಸಿವಾದಾಗ, ಹೆದರಿದಾಗ ಆ ತಂತಿಯ ಸ್ವಭಾವ ಹೇಗೆ ಬದಲಾಗುತ್ತದೆ ಅನ್ನೋದು ನಕ್ಷೆಯಲ್ಲಿ ಇಲ್ಲ. ಮನುಷ್ಯರ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ. ಹಾಗಾಗಿ "ನಿಮ್ಮ ನೆನಪನ್ನು ಕ್ಲೌಡಿಗೆ ಅಪ್‌ಲೋಡ್ ಮಾಡಬಹುದು" ಅಂತ ಯಾರಾದರೂ ಹೇಳಿದರೆ, ಮುಗುಳ್ನಕ್ಕು ಮುಂದೆ ಹೋಗಿ.

ಚೆನ್ನೈನಲ್ಲಿ ಇರುವವರಿಗೆ ಒಂದು ಮಾತು. ಐಐಟಿ ಮದ್ರಾಸ್‌ನ ಸುಧಾ ಗೋಪಾಲಕೃಷ್ಣನ್ ಬ್ರೈನ್ ಸೆಂಟರ್, 2024ರ ಡಿಸೆಂಬರ್‌ನಲ್ಲಿ ಗರ್ಭದಲ್ಲಿರುವ ಮಗುವಿನ ಮೆದುಳಿನ 5,132 ಹೋಳುಗಳ ಅಟ್ಲಾಸ್ ಬಿಡುಗಡೆ ಮಾಡಿತು. ಹೆಸರು 'ಧರಣಿ'. ಯಾರು ಬೇಕಾದರೂ ನೋಡಬಹುದು. ಆ ಕೇಂದ್ರಕ್ಕೆ ದೇಣಿಗೆ ಕೊಟ್ಟವರು ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್. ಐಟಿಯಲ್ಲಿ ಹುಟ್ಟಿದ ದುಡ್ಡು ಮೆದುಳಿನ ಸಂಶೋಧನೆಗೆ ಹೋದ ಒಂದು ದಾರಿ ಇದು.

ಬೇಲಿ ಹೊಲ ಮೇಯದಂತೆ ಕಾಯುವವರು

ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಟಿ ಕೋಶಗಳು ಅಂತ ಇವೆ. ಹೊರಗಿನಿಂದ ಬಂದ ವೈರಸ್, ಬ್ಯಾಕ್ಟೀರಿಯಾಗಳ ಮೇಲೆ ಬೀಳೋದು ಅವುಗಳ ಕೆಲಸ. ಕೆಲವೊಮ್ಮೆ ಅವು ನಮ್ಮ ದೇಹದ ಮೇಲೇ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ರುಮಟಾಯ್ಡ್ ಸಂಧಿವಾತ, ಟೈಪ್ 1 ಡಯಾಬಿಟಿಸ್ ಇಂಥ ಕಾಯಿಲೆಗಳು ಬರೋದು ಹೀಗೆ. ಹಾಗಾದರೆ ಉಳಿದ ನಮ್ಮೆಲ್ಲರಲ್ಲಿ ಬೇಲಿ ಯಾಕೆ ಹೊಲ ಮೇಯಲ್ಲ? ತಡೆಯುವವರು ಯಾರು?

2025ರ ವೈದ್ಯಕೀಯ ನೊಬೆಲ್ ಈ ಪ್ರಶ್ನೆಗೆ ಉತ್ತರ ಕೊಟ್ಟ ಮೂವರಿಗೆ ಸಿಕ್ಕಿತು: ಜಪಾನಿನ ಶಿಮೋನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್.

ಸಕಾಗುಚಿ ಶುರು ಮಾಡಿದ್ದು ಒಂದು ವಿಚಿತ್ರ ಗಮನಿಕೆಯಿಂದ. ಹುಟ್ಟಿದ ಮೂರನೇ ದಿನ ಇಲಿಮರಿಯ ಥೈಮಸ್ ಗ್ರಂಥಿ ತೆಗೆದರೆ, ಟಿ ಕೋಶಗಳು ಕಡಿಮೆಯಾಗಿ ಇಲಿಗೆ ನಿರೋಧಕ ಶಕ್ತಿ ಕುಗ್ಗಬೇಕು. ಆಗಿದ್ದು ಉಲ್ಟಾ. ನಿರೋಧಕ ವ್ಯವಸ್ಥೆ ಹುಚ್ಚೆದ್ದು ಇಲಿಯ ದೇಹವನ್ನೇ ತಿನ್ನತೊಡಗಿತು. ಬೇರೆ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟಾಗ ಕಾಯಿಲೆ ತಡೆಯಿತು. ಅಂದರೆ ಟಿ ಕೋಶಗಳಲ್ಲೇ ಯಾವುದೋ ಒಂದು ಗುಂಪು ಉಳಿದವನ್ನು "ಸಾಕು, ಬಿಡಪ್ಪಾ, ಇವರು ನಮ್ಮವರೇ" ಅಂತ ತಡೆಯುತ್ತಿದೆ. ಆ ಕಾಲದಲ್ಲಿ ಈ ವಿಚಾರಕ್ಕೆ ಮರ್ಯಾದೆ ಇರಲಿಲ್ಲ. ಇಂಥದ್ದೇ ಒಂದು ಹಳೆಯ ಸಿದ್ಧಾಂತ ನೆಲಕಚ್ಚಿ, ಹೆಚ್ಚಿನವರು ಈ ದಾರಿಯನ್ನೇ ಬಿಟ್ಟಿದ್ದರು. ಸಕಾಗುಚಿ ಬಿಡಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಹುಡುಕಿ, 1995ರಲ್ಲಿ ಆ ಕೋಶಗಳನ್ನು ಗುರುತಿಸುವ ದಾರಿ ತೋರಿಸಿದರು. ಇವಕ್ಕೆ ಈಗ ನಿಯಂತ್ರಕ ಟಿ ಕೋಶ ಅಂತ ಹೆಸರು.

ಇನ್ನೊಂದು ಕಡೆಯ ಕಥೆ ಇನ್ನೂ ಹಳೇದು. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ವಿಕಿರಣದ ಪರಿಣಾಮ ತಿಳಿಯಲು ಇಲಿ ಸಾಕಿದ್ದರು. ಅಲ್ಲಿ ಕೆಲವು ಗಂಡುಮರಿಗಳು ಹೊಟ್ಟು ಏಳುವ ಚರ್ಮದೊಂದಿಗೆ ಹುಟ್ಟಿ ಕೆಲವೇ ವಾರದಲ್ಲಿ ಸಾಯುತ್ತಿದ್ದವು. ಯಾಕೆ ಅಂತ ಆಗ ಯಾರಿಗೂ ಗೊತ್ತಿಲ್ಲ. ಆದರೂ ಆ ತಳಿಯನ್ನು ಸಾಯಲು ಬಿಡದೆ ಮುಂದುವರಿಸಿಕೊಂಡು ಬಂದರು. ಐವತ್ತು ವರ್ಷ! 1990ರ ದಶಕದಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ಅದರ ಹಿಂದೆ ಬಿದ್ದರು. ಇವರಿಬ್ಬರೂ ಆಗ ಇದ್ದದ್ದು ವಿಶ್ವವಿದ್ಯಾಲಯದಲ್ಲಲ್ಲ, ಒಂದು ಬಯೋಟೆಕ್ ಕಂಪನಿಯಲ್ಲಿ.

ಡಿಬಗ್ ಮಾಡಿ ಗೊತ್ತಿರುವವರು ಈಗ ಗಮನ ಕೊಡಿ. ದೋಷ ಇರೋದು ಎಕ್ಸ್ ವರ್ಣತಂತುವಿನಲ್ಲಿ ಅಂತ ಗೊತ್ತಿತ್ತು. ಅದರಲ್ಲಿ ಸುಮಾರು 17 ಕೋಟಿ ಅಕ್ಷರ. ಅದನ್ನು ಕಿರಿದು ಮಾಡುತ್ತಾ ಮಾಡುತ್ತಾ 5 ಲಕ್ಷ ಅಕ್ಷರಕ್ಕೆ ತಂದರು. ಆ ತುಂಡಿನಲ್ಲಿ 20 ಜೀನ್. ಒಂದೊಂದನ್ನೇ ಆರೋಗ್ಯವಂತ ಇಲಿಯ ಜೀನ್ ಪಕ್ಕ ಇಟ್ಟು ಹೋಲಿಸಿದರು. ಮೊದಲನೆಯದ್ದು ಸರಿ ಇದೆ. ಐದನೆಯದ್ದು ಸರಿ ಇದೆ. ಹತ್ತೊಂಬತ್ತನೆಯದ್ದೂ ಸರಿ ಇದೆ. ಇಪ್ಪತ್ತನೆಯದರಲ್ಲಿ ದೋಷ ಸಿಕ್ಕಿತು! ಅದಕ್ಕೆ ಫಾಕ್ಸ್‌ಪಿ3 ಅಂತ ಹೆಸರಿಟ್ಟರು. ಇದೇ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನುವ ಘೋರ ಕಾಯಿಲೆ ಬರುತ್ತದೆ ಅಂತ 2001ರಲ್ಲಿ ತೋರಿಸಿದರು. ಎರಡು ವರ್ಷದ ನಂತರ ಎರಡೂ ಕಥೆ ಸೇರಿದವು: ಸಕಾಗುಚಿಯವರ ಕಾವಲು ಕೋಶಗಳನ್ನು ರೂಪಿಸೋದು ಇದೇ ಫಾಕ್ಸ್‌ಪಿ3. ನೊಬೆಲ್ ಸಮಿತಿ ಫೋನ್ ಮಾಡಿದಾಗ ಬ್ರಂಕೋ ಸ್ವೀಡನ್ ನಂಬರ್ ನೋಡಿ ಸ್ಪ್ಯಾಮ್ ಅಂದುಕೊಂಡು ಎತ್ತಲಿಲ್ಲವಂತೆ. ನಾವೂ ಅಷ್ಟೇ ಅಲ್ವಾ.

ಈಗ ಮೂರನೇ ಪ್ರಶ್ನೆ. ನೊಬೆಲ್ ಸುದ್ದಿ ಬಂದ ವಾರ ದಾವಣಗೆರೆಯಿಂದ ನಮ್ಮ ಅತ್ತೆ ಫೋನ್ ಮಾಡಿದರು. ಹತ್ತು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಅರ್ಧ ಗಂಟೆ. "ಪೇಪರ್‌ನಾಗೆ ಬಂದೈತಲ್ಲಪ್ಪಾ, ಆ ಔಷಧಿ ನಿಮ್ಮ ಪುಣೆಯಾಗೆ ಸಿಗುತ್ತಾ?" ಅಂತ ಕೇಳಿದರು. ಯಾರೋ ಅವರಿಗೆ ಒಂದು ಮೆಸೇಜ್ ಬೇರೆ ಕಳಿಸಿದ್ದರು: ಇಂತಿಷ್ಟು ಲಕ್ಷ ಕೊಟ್ಟರೆ "ನೊಬೆಲ್ ಚಿಕಿತ್ಸೆ", ಈಗಿನ ಮಾತ್ರೆ ಬಿಡಬಹುದು. ನಾನು ಅಂದೆ, "ಅತ್ತೆ, ಕಾಯಿಲೆ ಯಾಕೆ ಬರುತ್ತೆ ಅನ್ನೋದಕ್ಕೆ ಸಿಕ್ಕಿರೋ ಬಹುಮಾನ ಇದು. ಆ ಕೋಶಗಳನ್ನು ಹೆಚ್ಚಿಸಿ ಗುಣ ಮಾಡಬಹುದಾ ಅಂತ ಮನುಷ್ಯರ ಮೇಲೆ ಪ್ರಯೋಗ ನಡೀತಾ ಇದೆ. ನಿಮ್ಮ ಊರಿನ ಅಂಗಡಿಗೆ ಇನ್ನೂ ಬಂದಿಲ್ಲ. ನಿಮ್ಮ ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡಪ್ಪಾ, ಕಾಯ್ತೀನಿ" ಅಂದರು.

ಸುದ್ದಿ ಓದೋದು ಬರೀ ತಿಳುವಳಿಕೆಯ ಮಾತಲ್ಲ. "ಕಂಡುಹಿಡಿದರು" ಅನ್ನುವ ಪದಕ್ಕೂ "ಸಿಗುತ್ತದೆ" ಅನ್ನುವ ಪದಕ್ಕೂ ನಡುವಿನ ಅಂತರದಲ್ಲೇ ಮೋಸ ಮಾಡುವವರು ಅಂಗಡಿ ತೆರೆಯೋದು. ಮನೆಯಲ್ಲಿ ಓದಿದವರು ನಾವು. ಆ ಅಂತರವನ್ನು ಹಿರಿಯರಿಗೆ ಅಳೆದು ಹೇಳೋದು ನಮ್ಮ ಕೆಲಸ.

ಗಾಳಿಯನ್ನು ಗೊಬ್ಬರ ಮಾಡುವ ಪಾಚಿ

ನಮ್ಮಲ್ಲಿ ಎಷ್ಟೋ ಜನ ಹೊಲ ಇರುವ ಮನೆಯಿಂದ ಬಂದವರು. ಮುಂಗಾರು ಬಂದರೆ ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲು ನಿಲ್ಲೋದು ಗೊತ್ತಿದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಬೆಳೆಗೆ ಅದೇ ಬೇಕು, ಆದರೆ ಗಾಳಿಯಿಂದ ನೇರ ತಗೊಳ್ಳೋಕೆ ಬರಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಭಾರಿ ಒತ್ತಡ, ಭಾರಿ ಶಾಖ ಕೊಟ್ಟು ಅಮೋನಿಯಾ ಮಾಡಿ, ಅದರಿಂದ ಯೂರಿಯಾ ಮಾಡ್ತಾರೆ.

ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಮಾತ್ರ ಈ ವಿದ್ಯೆ ಗೊತ್ತು. ತೊಗರಿ, ಅವರೆ, ಶೇಂಗಾ ಬೇರಿನ ಗಂಟುಗಳಲ್ಲಿ ಬಾಡಿಗೆಗೆ ಇರೋದು ಅವೇ. ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದ ಅಜ್ಜಂದಿರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಅವರೆ ಹಾಕಿದ ನೆಲ ಚೆನ್ನಾಗಿರುತ್ತೆ ಅನ್ನೋದು ಗೊತ್ತಿತ್ತು.

ಪ್ರಾಣಿ, ಗಿಡ, ಪಾಚಿ ಇವುಗಳ ಜೀವಕೋಶದೊಳಗೆ ಸಾರಜನಕ ಹಿಡಿಯುವ ಸ್ವಂತ ಅಂಗ ಇಲ್ಲ ಅಂತ ನಾವು ಓದಿದ ಪಠ್ಯಪುಸ್ತಕದ ಪಾಠ. 2024ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯ ಒಂದು ಪ್ರಬಂಧ ಆ ಸಾಲನ್ನು ತಿದ್ದಿತು. ಸಮುದ್ರದ ಒಂದು ಏಕಕೋಶ ಪಾಚಿಯೊಳಗೆ ಅಂಥ ಅಂಗ ಸಿಕ್ಕಿತು. ಹೆಸರು ನೈಟ್ರೋಪ್ಲಾಸ್ಟ್.

ಈ ಪ್ರಶ್ನೆ ಹುಟ್ಟಿದ್ದು 1998ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನ ಜೊನಾಥನ್ ಜೆರ್ ಅವರಿಗೆ ಪೆಸಿಫಿಕ್ ಸಾಗರದ ನೀರಿನಲ್ಲಿ ಡಿಎನ್‌ಎಯ ಒಂದು ಚಿಕ್ಕ ತುಣುಕು ಸಿಕ್ಕಿತು. ಸಾರಜನಕ ಹಿಡಿಯುವ ಯಾವುದೋ ಅಪರಿಚಿತ ಬ್ಯಾಕ್ಟೀರಿಯಾದ್ದು. ಅದರ ಮನೆ ಯಾವುದು ಅಂತ ಹುಡುಕುತ್ತಾ ವರ್ಷಗಳು ಹೋದವು. ಅದೇ ಹೊತ್ತಿಗೆ ಜಪಾನಿನ ಕೋಚಿ ವಿಶ್ವವಿದ್ಯಾಲಯದಲ್ಲಿ ಕ್ಯೋಕೊ ಹಗಿನೊ ಎಂಬ ವಿಜ್ಞಾನಿ ಒಂದು ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಪಟ್ಟು ಹಿಡಿದಿದ್ದರು. ಸಮುದ್ರಕ್ಕೆ ಹೋಗಿ ನೀರು ತರೋದು, ಬೆಳೆಸೋಕೆ ನೋಡೋದು, ಸಾಯೋದು, ಮತ್ತೆ ಹೋಗೋದು. 300ಕ್ಕೂ ಹೆಚ್ಚು ಸಲ ಹೋಗಿ ಬಂದು, ಹತ್ತು ವರ್ಷಕ್ಕೂ ಹೆಚ್ಚು ದಿನ ಕಳೆದ ಮೇಲೆ ಪಾಚಿ ಬೆಳೆಯಿತು. ಜೆರ್ ಹುಡುಕುತ್ತಿದ್ದ ಬ್ಯಾಕ್ಟೀರಿಯಾದ ಮನೆ ಅದೇ ಪಾಚಿಯಾಗಿತ್ತು.

ಬೆಳೆಸಿದ ಪಾಚಿ ಕೈಗೆ ಸಿಕ್ಕ ಮೇಲೆ ಒಳಗೆ ನೋಡೋಕೆ ಸಾಧ್ಯವಾಯಿತು. ಪಾಚಿ ಎರಡಾಗುವಾಗ ಒಳಗಿನದ್ದೂ ಹದ ತಪ್ಪದೆ ಎರಡಾಗುತ್ತೆ. ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಹೆಚ್ಚುಕಡಿಮೆ ಅರ್ಧ ಪಾಚಿಯಿಂದಲೇ ಬರುತ್ತವೆ. ಅಂದ್ರೆ ಬಾಡಿಗೆಗೆ ಬಂದವನು ಮನೆಮಗನೇ ಆಗಿಹೋಗಿದ್ದಾನೆ. ಇದು ಸುಮಾರು 10 ಕೋಟಿ ವರ್ಷದ ಹಿಂದೆ ಶುರುವಾದ ಸಂಸಾರ ಅಂತ ಅಂದಾಜು. ಗಿಡಗಳ ಹಸಿರು, ಅಂದರೆ ಕ್ಲೋರೋಪ್ಲಾಸ್ಟ್ ಕೂಡ ಒಂದಾನೊಂದು ಕಾಲದಲ್ಲಿ ಹೀಗೇ ಹೊರಗಿನಿಂದ ಬಂದು ಒಳಗಿನವನಾಗಿದ್ದು.

ಇವತ್ತು ಎಲ್ಲಿ ನಿಂತಿದೆ? ಪಾಚಿಯಲ್ಲೇ. ಒಂದು ದಿನ ಭತ್ತ, ಜೋಳ, ಗೋಧಿಯೇ ತನ್ನ ಗೊಬ್ಬರ ತಾನು ಮಾಡಿಕೊಳ್ಳುವ ಹಾಗೆ ಆಗಬಹುದಾ? ಅದು ಕನಸು. ಪ್ರಕೃತಿ ಒಮ್ಮೆ ಮಾಡಿ ತೋರಿಸಿದೆ ಅಂತ ಗೊತ್ತಾಗಿದ್ದು ಮಾತ್ರ ಲಾಭ. ಈ ವರ್ಷ, ಮುಂದಿನ ವರ್ಷ ಯೂರಿಯಾ ಸಾಲು ಅದರಿಂದ ಕರಗಲ್ಲ. ಅಲ್ಲಿಯವರೆಗೆ ದ್ವಿದಳ ಧಾನ್ಯವೇ ಗತಿ. ಹೈದರಾಬಾದಿನವರಿಗೆ ಗೊತ್ತಿರುತ್ತೆ, ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಇದೆ. ತೊಗರಿ, ಕಡಲೆ, ಶೇಂಗಾ ಮೇಲೆ ಕೆಲಸ ಮಾಡುತ್ತಿರುವ, 1972ರಲ್ಲಿ ಶುರುವಾದ ಸಂಸ್ಥೆ.

ಗೋಡೆ ದಾಟಿದ ಚಿಪ್

ನಾಲ್ಕನೆಯದು ಕ್ವಾಂಟಮ್. ಎಲೆಕ್ಟ್ರಾನ್‌ನಂಥ ಸೂಕ್ಷ್ಮ ಕಣಕ್ಕೆ ಒಂದು ವಿಚಿತ್ರ ಸ್ವಭಾವ ಇದೆ: ಎದುರಿಗೆ ಗೋಡೆ ಇದ್ದರೆ, ಹತ್ತುವ ಶಕ್ತಿ ಇಲ್ಲದಿದ್ದರೂ ಒಮ್ಮೊಮ್ಮೆ ಆಚೆ ಕಡೆ ಕಾಣಿಸಿಕೊಳ್ಳುತ್ತದೆ. ಸುರಂಗ ಕೊರೆದ ಹಾಗೆ. ಗೋಡೆಗೆ ಎಸೆದ ಕ್ರಿಕೆಟ್ ಬಾಲ್ ಹಾಗೆ ಮಾಡಲ್ಲ. ಹಾಗಾದರೆ ಈ ಸ್ವಭಾವ ಎಷ್ಟು ದೊಡ್ಡ ವಸ್ತುವಿನವರೆಗೆ ಉಳಿಯುತ್ತೆ? ಕೈಯಲ್ಲಿ ಹಿಡಿಯುವಷ್ಟು ದೊಡ್ಡದರಲ್ಲಿ ತೋರಿಸಬಹುದಾ?

1984 ಮತ್ತು 85ರಲ್ಲಿ ಬರ್ಕ್ಲಿಯಲ್ಲಿ ಮೂವರು ಇದನ್ನು ತೋರಿಸಿದರು. ಪ್ರೊಫೆಸರ್ ಜಾನ್ ಕ್ಲಾರ್ಕ್, ಫ್ರಾನ್ಸಿನಿಂದ ಬಂದಿದ್ದ ಪೋಸ್ಟ್‌ಡಾಕ್ ಮಿಶೆಲ್ ದೆವೊರೆ, ಪಿಎಚ್‌ಡಿ ವಿದ್ಯಾರ್ಥಿ ಜಾನ್ ಮಾರ್ಟಿನಿಸ್. ಎರಡು ಸೂಪರ್‌ಕಂಡಕ್ಟರ್‌ಗಳ ನಡುವೆ ಬಹಳ ತೆಳುವಾದ, ವಿದ್ಯುತ್ ಹರಿಯದ ಪದರ. ಇದಕ್ಕೆ ಜೋಸೆಫ್ಸನ್ ಜಂಕ್ಷನ್ ಅಂತ ಹೆಸರು. ಇಂಥದ್ದರ ನಡವಳಿಕೆಯನ್ನು 1962ರಲ್ಲಿ ಲೆಕ್ಕ ಹಾಕಿ ಹೇಳಿದ್ದು 22 ವರ್ಷದ ವಿದ್ಯಾರ್ಥಿ ಬ್ರಯನ್ ಜೋಸೆಫ್ಸನ್. ಇಲ್ಲಿ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನ್ ಜೋಡಿಗಳು ಸೇರಿ ಒಂದೇ ಕಣದ ಹಾಗೆ ನಡೆದುಕೊಳ್ಳುತ್ತವೆ. ವೋಲ್ಟೇಜ್ ಇಲ್ಲದೆಯೇ ವಿದ್ಯುತ್ ಹರಿಯುವ ಸ್ಥಿತಿಯಲ್ಲಿ ಈ ಸರ್ಕ್ಯೂಟ್ ಸಿಕ್ಕಿಕೊಂಡಿರುತ್ತೆ. ಅಲ್ಲಿಂದ ಗೋಡೆ ದಾಟಿ ತಪ್ಪಿಸಿಕೊಂಡರೆ ವೋಲ್ಟೇಜ್ ಕಾಣಿಸುತ್ತೆ.

ಕಷ್ಟ ಎಲ್ಲಿತ್ತು? ಹೊರಗಿನಿಂದ ಒಂದಿಷ್ಟು ಮೈಕ್ರೋವೇವ್ ನುಸುಳಿದರೂ ಸರ್ಕ್ಯೂಟ್ ಅಲ್ಲಾಡಿ ಗೋಡೆ ಹಾರಿಬಿಡುತ್ತೆ, ಕ್ವಾಂಟಮ್ ಅಂತ ನಾವು ಮೋಸ ಹೋಗ್ತೀವಿ. ಹಾಗಾಗಿ ಅವರ ಶ್ರಮದ ದೊಡ್ಡ ಪಾಲು ಗದ್ದಲ ತಡೆಯೋದಕ್ಕೇ ಹೋಯಿತು. ತಾಮ್ರದ ಪುಡಿ ತುಂಬಿದ ಫಿಲ್ಟರ್‌ಗಳನ್ನು ತಾವೇ ಮಾಡಿಕೊಂಡರು. ತಣ್ಣಗೆ ಮಾಡುತ್ತಾ ಹೋದಾಗ ಒಂದು ಹಂತದ ಕೆಳಗೆ, ಎಷ್ಟು ತಣ್ಣಗಾದರೂ ತಪ್ಪಿಸಿಕೊಳ್ಳುವ ವೇಗ ಬದಲಾಗಲಿಲ್ಲ. ಶಾಖದಿಂದ ಹಾರುತ್ತಿದ್ದರೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ ಅಂದರೆ ಅದು ಸುರಂಗವೇ.

ಆಗ ಅದಕ್ಕೆ 'ಯೂಸ್ ಕೇಸ್' ಇರಲಿಲ್ಲ. 1999ರಲ್ಲಿ ಜಪಾನಿನಲ್ಲಿ ಇಂಥದ್ದೇ ಜಂಕ್ಷನ್ ಬಳಸಿ ಮೊದಲ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಮಾಡಿದರು. 2019ರಲ್ಲಿ ಗೂಗಲ್‌ನ 53 ಕ್ಯೂಬಿಟ್ ಚಿಪ್ ಬಂತು. ಆ ತಂಡದ ನಾಯಕ ಅದೇ ಹಳೇ ಪಿಎಚ್‌ಡಿ ವಿದ್ಯಾರ್ಥಿ ಮಾರ್ಟಿನಿಸ್. 2024ರ ಡಿಸೆಂಬರ್‌ನಲ್ಲಿ ಗೂಗಲ್‌ನ 105 ಕ್ಯೂಬಿಟ್‌ಗಳ ವಿಲೋ ಚಿಪ್, ಕ್ಯೂಬಿಟ್ ಜಾಲ ದೊಡ್ಡದಾದಂತೆ ತಪ್ಪು ಕಡಿಮೆಯಾಗುತ್ತದೆ ಅಂತ ತೋರಿಸಿತು. 2025ರ ಅಕ್ಟೋಬರ್‌ನಲ್ಲಿ ಆ ಮೂವರಿಗೂ ಭೌತಶಾಸ್ತ್ರದ ನೊಬೆಲ್. ಪ್ರಯೋಗದಿಂದ ಬಹುಮಾನಕ್ಕೆ 40 ವರ್ಷ.

ಈಗ ಎಲ್ಲಿದೆ ಅಂದರೆ, ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಇವತ್ತು ಯಾವ ಕ್ವಾಂಟಮ್ ಕಂಪ್ಯೂಟರ್‌ಗೂ ಸಿಗಲ್ಲ. ಆದರೂ ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲೇ ಹೊಸ ಗೂಢಲಿಪಿ ಮಾನದಂಡ ಹೊರಡಿಸಿದೆ. ಇವತ್ತು ಕದ್ದಿಟ್ಟ ಡೇಟಾವನ್ನು ನಾಳೆ ಬಿಚ್ಚಬಹುದು ಅನ್ನುವ ಎಚ್ಚರಿಕೆಯಿಂದ. ಸೆಕ್ಯುರಿಟಿ ಟೀಮಿನಲ್ಲಿ ಇರುವವರು ಇದನ್ನು ಈಗಲೇ ಓದಿಕೊಳ್ಳಿ.

ನಮ್ಮ ಕಡೆಯೂ ಕೆಲಸ ನಡೆಯುತ್ತಿದೆ. ಮುಂಬೈನ ಟಿಐಎಫ್‌ಆರ್ ಮತ್ತು ಪುಣೆಯ ಡಿಆರ್‌ಡಿಓ ಪ್ರಯೋಗಾಲಯ ಸೇರಿ 2024ರಲ್ಲಿ 6 ಕ್ಯೂಬಿಟ್ ಪ್ರೊಸೆಸರ್ ಪರೀಕ್ಷಿಸಿದವು. ಅದೂ ಸೂಪರ್‌ಕಂಡಕ್ಟರ್ ಸರ್ಕ್ಯೂಟೇ. 2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳು ಬೆಂಗಳೂರಿನ ಐಐಎಸ್‌ಸಿ, ಐಐಟಿ ಮದ್ರಾಸ್, ಐಐಟಿ ಬಾಂಬೆ, ಐಐಟಿ ದೆಹಲಿ. ಈ ಮಾತು ಕೇಳುತ್ತಿರುವ ಬಹಳಷ್ಟು ಜನ ಇವುಗಳಲ್ಲಿ ಒಂದರ ಗೇಟ್ ಮುಂದೆಯೇ ದಿನಾ ಓಡಾಡೋರು.

ಇಪ್ಪತ್ತನೇ ಜೀನ್‌ವರೆಗೆ ಯಾರು ಹೋಗುತ್ತಾರೆ?

ಈಗ ನಾಲ್ಕನ್ನೂ ಪಕ್ಕಪಕ್ಕ ಇಡಿ. ನೊಣದ ನಕ್ಷೆಯ ಹಿಂದೆ ನಾಲ್ಕು ದಶಕ. ಇಲಿಯ ಹಿಂದೆ ಅರ್ಧ ಶತಮಾನ. ಪಾಚಿಯ ಹಿಂದೆ 26 ವರ್ಷ, 300 ಸಲ ಸಮುದ್ರ. ಚಿಪ್ಪಿನ ಹಿಂದೆ 40 ವರ್ಷ. ನಾವು ಕ್ವಾರ್ಟರ್ ಲೆಕ್ಕದಲ್ಲಿ ಬದುಕೋರು. ಎರಡು ವಾರದ ಸ್ಪ್ರಿಂಟಿನಲ್ಲಿ ಏನೂ ತೋರಿಸದಿದ್ದರೆ ಮ್ಯಾನೇಜರ್ ಮುಖ ನೋಡೋಕಾಗಲ್ಲ. ಹತ್ತೊಂಬತ್ತು ಜೀನ್ ನೋಡಿ ಏನೂ ಸಿಗದೆ ಇಪ್ಪತ್ತನೆಯದನ್ನು ತೆರೆಯುವವರಿಗೆ ಬೇಕಾಗೋದು ಬುದ್ಧಿ ಒಂದೇ ಅಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತೆ, ಮನೆ ನಡೆಯುತ್ತೆ ಅನ್ನೋ ಧೈರ್ಯವೂ ಬೇಕು.

ನಾನು ಎಂಟೆಕ್ ಮುಗಿಸಿದಾಗ ಪಿಎಚ್‌ಡಿಗೆ ಸೇರುವ ದಾರಿ ಇತ್ತು. ತಂಗಿಯ ಓದು ಬಾಕಿ ಇತ್ತು, ಮನೆ ಮೇಲೆ ಸಾಲ ಇತ್ತು. ಕೆಲಸ ಹಿಡಿದೆ. ಸರಿಯಾದದ್ದನ್ನೇ ಮಾಡಿದೆ, ಅದರ ಬಗ್ಗೆ ನನಗೆ ಕೊರಗಿಲ್ಲ. ಆದರೆ ನನ್ನ ಬ್ಯಾಚಿನಲ್ಲಿ ನನಗಿಂತ ಚುರುಕಾಗಿದ್ದ ನಾಲ್ಕೈದು ಜನರೂ ಇದೇ ಲೆಕ್ಕ ಹಾಕಿ ಇದೇ ಕಡೆ ಬಂದರು. ನಮ್ಮ ದೇಶದಲ್ಲಿ ಯುವ ಸಂಶೋಧಕರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಮುಂಬೈ ಬಾಡಿಗೆ ಗೊತ್ತಿರುವವರು ಉಳಿದ ಲೆಕ್ಕ ನೀವೇ ಹಾಕಿ. 2020-21ರ ಲೆಕ್ಕದಂತೆ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. ದಕ್ಷಿಣ ಕೊರಿಯಾದಲ್ಲಿ ಅದು ಶೇ. 4ಕ್ಕಿಂತ ಹೆಚ್ಚು. ಕಾಯುವವರ ಖರ್ಚನ್ನು ಯಾರೋ ಕೊಡಲೇಬೇಕು. ಸರ್ಕಾರ ಕೊಡದಿದ್ದರೆ, ಕಂಪನಿಗಳು ಕೊಡದಿದ್ದರೆ, ಆ ಹುಡುಗ ಹುಡುಗಿಯರ ಮನೆಯವರು ಕೊಡಬೇಕಾಗುತ್ತೆ. ಕೊಡೋಕಾಗದ ಮನೆಯ ಮಕ್ಕಳು ಆ ದಾರಿಗೇ ಬರಲ್ಲ. ಹಾಗೆ ಬಾರದೇ ಹೋದವರು ಏನೇನು ಕಂಡುಹಿಡಿಯುತ್ತಿದ್ದರೋ, ಅದರ ಸುದ್ದಿ ಯಾವ ಪೇಪರಿನಲ್ಲೂ ಬರಲ್ಲ.

ಬಜೆಟ್ ನಮ್ಮ ಕೈಯಲ್ಲಿಲ್ಲ, ನಿಜ. ಕೈಯಲ್ಲಿರೋದು ಎರಡು ಮೂರು ಇವೆ. ಊರಿನ ಅಕ್ಕನ ಮಗಳೋ ಅಣ್ಣನ ಮಗನೋ ಫೋನ್ ಮಾಡಿ "ಮಾಮ, ನನಗೆ ಫಿಸಿಕ್ಸ್ ಓದಬೇಕು", "ಚಿಕ್ಕಪ್ಪ, ನನಗೆ ಬಯಾಲಜಿ ಇಷ್ಟ" ಅಂದರೆ, ಮೊದಲು ಪ್ಯಾಕೇಜ್ ಮಾತು ಎತ್ತಬೇಡಿ. ಆಗುವುದಾದರೆ, "ಎರಡು ವರ್ಷ ಮನೆ ಕಡೆ ನಾನು ನೋಡ್ಕೋತೀನಿ, ನೀನು ಓದು" ಅನ್ನಿ. ಆ ಒಂದು ಮಾತು ಒಂದು ಫೆಲೋಶಿಪ್‌ಗೆ ಸಮ. ನೀವು ಕಂಪನಿಯಲ್ಲಿ ಸಿಎಸ್‌ಆರ್ ಕಮಿಟಿಯಲ್ಲಿದ್ದರೆ, ಮೈದಾನದಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದರ ಜೊತೆಗೆ ಹತ್ತಿರದ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯಕ್ಕೂ ಏನಾದರೂ ಆಗುತ್ತಾ ಅಂತ ಕೇಳಿ ನೋಡಿ.

ಇನ್ನು ತೀರಾ ಸುಲಭದ್ದು. ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಆ ಸುಮಾರಿಗೆ ಅನೇಕ ಸಂಸ್ಥೆಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತವೆ. ನಮ್ಮ ಪುಣೆ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿ ದೂರದರ್ಶಕದ ಆವರಣದಲ್ಲಿ ಆ ದಿನ ಶಾಲಾ ಮಕ್ಕಳ ಜಾತ್ರೆಯೇ ಇರುತ್ತೆ. ಐಐಎಸ್‌ಸಿಯಲ್ಲಿ ಓಪನ್ ಡೇ ನಡೆಯುತ್ತೆ. ನಿಮ್ಮ ಊರಿನಲ್ಲಿ ಯಾವುದಿದೆ ನೋಡಿ, ಮಾಲ್‌ಗೆ ಹೋಗೋ ಒಂದು ಭಾನುವಾರ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ನಿಂತು ವಿವರಿಸುತ್ತಿರುತ್ತಾರೆ. ಅವರನ್ನು "ಇದರಿಂದ ಏನು ಉಪಯೋಗ?" ಅಂತ ಮಾತ್ರ ಕೇಳಿ ಬರಬೇಡಿ. "ಎಷ್ಟನೇ ಜೀನ್‌ನಲ್ಲಿ ಇದ್ದೀರಿ?" ಅಂತ ಕೇಳಿ. ಅವರಿಗೆ ಅರ್ಥವಾಗುತ್ತೆ.